ಬದಲಿ ಇಲ್ಲದ ಪಾಳಿ

(ಹಾನಗಲ್ಲಿನಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಶಿಗ್ಗಾವಿಯ ಕಿರಾಣಿ ವ್ಯಾಪಾರಿಯೊಬ್ಬರು ಮಾಡಿದ ಭಾಷಣ)



ನಮ್ಮನ್ನು ಈ ಸಭೆಗೆ ಕರೆದ ಗೆಳೆಯರು ಸಂತೆಯ ಕರದ ಬಗ್ಗೆಯೂ ಉದ್ರಿ ವ್ಯಾಪಾರದ ಬಗ್ಗೆಯೂ ನಾಲ್ಕು ಮಾತು ಆಡಬೇಕೆಂದು ಹೇಳಿದ್ದರು. ಅದನ್ನು ನಮಗಿಂತ ಚೆನ್ನಾಗಿ ಹೇಳಬಲ್ಲವರು ಇಲ್ಲಿ ಬಹಳ ಜನರಿದ್ದಾರೆ. ಆದುದರಿಂದ ಅವರ ಅಪ್ಪಣೆ ಪಡೆದು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ಅದು ನಮ್ಮ ಮನೆಯ ವಿಷಯ. ಮನೆಯ ಮಾತು ಸಭೆಯಲ್ಲಿ ಯಾಕೆ ಎಂದು ಕೆಲವರಿಗೆ ಅನಿಸಬಹುದು. ನಮಗೂ ಬಹಳ ವರ್ಷ ಹಾಗೆಯೇ ಅನಿಸಿತ್ತು. ಪಗಾರದ ಮಾತು, ದರದ ಮಾತು, ಕುಡಿಯುವ ನೀರಿನ ಮಾತು ಸಭೆಯಲ್ಲಿ. ಮಗುವಿನ ಬೇನೆಯ ಮಾತು, ಹೆಂಡತಿಯ ಕಣ್ಣೀರಿನ ಮಾತು ಒಲೆಯ ಮುಂದೆ ಎಂದು ನಾವೇ ಒಂದು ಗೆರೆ ಎಳೆದುಕೊಂಡಿದ್ದೆವು. ಆ ಗೆರೆಯಿಂದ ನಮ್ಮ ಮನೆಗೆ ಆದ ಹಾನಿ ಸಣ್ಣದಲ್ಲ.

ನಮ್ಮ ಮಗನಿಗೆ ಹಿಮೋಫಿಲಿಯಾ ಎಂಬ ರೋಗವಿದೆ. ಹುಟ್ಟಿನಿಂದ ಇದೆ, ಬದುಕಿರುವವರೆಗೂ ಇರುತ್ತದೆ. ಪತ್ರಿಕೆಗಳಲ್ಲಿ ಇದನ್ನು ಕುಸುಮರೋಗ ಎಂದೂ ಬರೆಯುತ್ತಾರೆ. ಇಷ್ಟು ಚೆಂದದ ಹೆಸರನ್ನು ಈ ರೋಗಕ್ಕೆ ಇಟ್ಟ ಪುಣ್ಯಾತ್ಮ ಒಂದು ರಾತ್ರಿಯಾದರೂ ಇಂಥ ಮಗುವಿನ ಪಕ್ಕದಲ್ಲಿ ಕುಳಿತಿರಲಾರ.

ಗಾಯವಾದಾಗ ರಕ್ತ ಹೆಪ್ಪುಗಟ್ಟಿ ನಿಲ್ಲುತ್ತದಲ್ಲ, ಅದು ತಾನಾಗಿ ಆಗುವುದಿಲ್ಲ. ರಕ್ತದಲ್ಲಿರುವ ಹತ್ತು ಹನ್ನೆರಡು ಅಂಶಗಳು ಒಂದು ಇನ್ನೊಂದಕ್ಕೆ ಕೆಲಸ ದಾಟಿಸುತ್ತ ಹೋದರೆ ಮಾತ್ರ ಅದು ಗಟ್ಟಿಯಾಗುತ್ತದೆ. ಲಾರಿಯಿಂದ ಚೀಲ ಇಳಿಸುವಾಗ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುತ್ತೇವಲ್ಲ, ಹಾಗೆ. ಆ ಸಾಲಿನಲ್ಲಿ ಒಬ್ಬನಿಲ್ಲದಿದ್ದರೆ ಚೀಲ ಅಲ್ಲಿಯೇ ನಿಲ್ಲುತ್ತದೆ. ಈ ಅಂಶಗಳಿಗೆ ಫ್ಯಾಕ್ಟರ್ ಎನ್ನುತ್ತಾರೆ, ಒಂದೊಂದಕ್ಕೆ ಒಂದೊಂದು ನಂಬರು. ನಮ್ಮ ಮಗನ ರಕ್ತದಲ್ಲಿ ಎಂಟನೆಯದು ಇಲ್ಲವೆನ್ನುವಷ್ಟು ಕಡಿಮೆ. ಕೆಲವು ಮಕ್ಕಳಲ್ಲಿ ಒಂಬತ್ತನೆಯದು ಇರುವುದಿಲ್ಲ.

ಇಂಥವರಿಗೆ ಸೂಜಿ ಚುಚ್ಚಿದರೂ ರಕ್ತ ಕಾರಂಜಿಯಂತೆ ಚಿಮ್ಮುತ್ತದೆ ಎಂದು ಜನ ತಿಳಿದಿದ್ದಾರೆ. ಅದು ತಪ್ಪು. ರಕ್ತ ಉಳಿದವರಷ್ಟೇ ವೇಗದಲ್ಲಿ ಬರುತ್ತದೆ, ಆದರೆ ನಿಲ್ಲುವುದಿಲ್ಲ. ಹೊರಗಿನ ಗಾಯವನ್ನಾದರೂ ಕಣ್ಣಿಂದ ಕಾಣಬಹುದು. ಒಳಗೆ, ಮೊಣಕಾಲಿನಲ್ಲಿ, ಪಾದದ ಕೀಲಿನಲ್ಲಿ, ಮೊಣಕೈಯಲ್ಲಿ ಸೋರುವ ರಕ್ತ ಕಣ್ಣಿಗೆ ಬೀಳುವುದಿಲ್ಲ. ಕೀಲು ಬೆಚ್ಚಗಾಗುತ್ತದೆ, ಬಿಗಿಯುತ್ತದೆ, ಊದುತ್ತದೆ, ಆಮೇಲೆ ಮಗು ಚೀರುತ್ತದೆ. ಹೀಗೆ ಒಂದೇ ಕೀಲಿನಲ್ಲಿ ಮತ್ತೆ ಮತ್ತೆ ಆದರೆ ಕಾಲು ಮಡಚಿದಂತೆಯೇ ಉಳಿಯುತ್ತದೆ. ತಲೆಯೊಳಗೆ ಆದರಂತೂ ಪ್ರಾಣಕ್ಕೇ ಸಂಚಕಾರ. ಇಲ್ಲದ ಫ್ಯಾಕ್ಟರನ್ನು ನರದ ಮೂಲಕ ಚುಚ್ಚಿ ತುಂಬುವುದೇ ಉಪಾಯ, ಅದನ್ನೂ ಆದಷ್ಟು ಬೇಗ, ಒಂದೆರಡು ತಾಸಿನೊಳಗೆ ಮಾಡಿದರೆ ಒಳ್ಳೆಯದು. ತುಂಬಿದ್ದು ಹತ್ತು ಹನ್ನೆರಡು ತಾಸಿನಲ್ಲಿ ಅರ್ಧ ಕರಗಿಹೋಗುತ್ತದೆ. ದೊಡ್ಡ ಏಟಾದರೆ ಮತ್ತೆ ಚುಚ್ಚಬೇಕು.

ರೋಗದ ವಿವರ ಇಷ್ಟು ಸಾಕು. ನಾವು ಹೇಳಲು ಬಂದದ್ದು ರಕ್ತದ ಬಗ್ಗೆ ಅಲ್ಲ. ಆ ಮಗುವನ್ನು ಕಾಯುವ ಜೀವದ ಬಗ್ಗೆ.

ಮಗ ಹುಟ್ಟಿದ್ದು 2006ರಲ್ಲಿ. ಅಂಬೆಗಾಲಿಡಲು ಶುರುಮಾಡಿದಾಗ ಮೊಣಕಾಲ ಮೇಲೆ, ಎದೆಯ ಮೇಲೆ ನೀಲಿ ಕಲೆಗಳು ಎದ್ದವು. ಎತ್ತಿಕೊಂಡರೆ ಎತ್ತಿದವರ ಬೆರಳಿನ ಗುರುತು ಮೂಡುತ್ತಿತ್ತು. ಓಣಿಯ ಹೆಂಗಸರು ಮೊದಲು ಗುಸುಗುಸು ಮಾತಾಡಿದರು. ಒಬ್ಬಾಕೆ ನೇರವಾಗಿಯೇ ನಮ್ಮ ಮನೆಯಾಕೆಯನ್ನು ಕೇಳಿದಳು: "ಇಷ್ಟು ಸಣ್ಣ ಕೂಸಿಗೆ ಹ್ಯಾಂಗ ಕೈ ಎತ್ತತೀಯವ್ವ?" ಅಂದಿನಿಂದ ಆಕೆ ಮಗುವಿಗೆ ಸೆಕೆಯಲ್ಲಿಯೂ ಉದ್ದ ತೋಳಿನ ಅಂಗಿ ತೊಡಿಸಿದಳು. ಹೊರಗಿನವರಿಗೆ ಕಾಣದಂತೆ ಮುಚ್ಚುವ ಕೆಲಸ ಅಂದೇ ಶುರುವಾಯಿತು. ಕಲೆ ಬರಲು ಕಾರಣವೇನೆಂದು ನಮಗೂ ಗೊತ್ತಿರಲಿಲ್ಲ. ತಾನು ನಿದ್ದೆಗಣ್ಣಿನಲ್ಲಿ ಜೋರಾಗಿ ಹಿಡಿದೆನೇನೋ ಎಂದು ಆಕೆಗೇ ತನ್ನ ಮೇಲೆ ಅನುಮಾನ ಬಂದಿತ್ತಂತೆ. ಇದನ್ನು ಆಕೆ ನಮಗೆ ಹೇಳಿದ್ದು ಎಷ್ಟೋ ವರ್ಷಗಳ ನಂತರ.

2008ರಲ್ಲಿ ತುಟಿ ಒಡೆದು ಮೂರು ದಿನ ರಕ್ತ ನಿಲ್ಲದಿದ್ದಾಗ ಹುಬ್ಬಳ್ಳಿಗೆ ಒಯ್ದೆವು. ಅಲ್ಲಿ ರಕ್ತ ಪರೀಕ್ಷೆಯಾಗಿ ರೋಗದ ಹೆಸರು ಗೊತ್ತಾಯಿತು. ವೈದ್ಯರು ಮೊದಲು ಕೇಳಿದ ಪ್ರಶ್ನೆ: ತಾಯಿಯ ತವರಿನಲ್ಲಿ ಗಂಡುಮಕ್ಕಳಿಗೆ ಯಾರಿಗಾದರೂ ಹೀಗೆ ಆಗಿತ್ತೆ?

ಆಗಿತ್ತು. ಆಕೆಯ ತವರು ಹಿರೇಕೆರೂರು ತಾಲೂಕಿನ ಒಂದು ಹಳ್ಳಿ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುಂಚೆ ನಮ್ಮೆಲ್ಲರ ತಾಲೂಕುಗಳೂ ಧಾರವಾಡ ಜಿಲ್ಲೆಯಲ್ಲಿದ್ದವು, ದೊಡ್ಡ ದವಾಖಾನೆ ಎಂದರೆ ಹುಬ್ಬಳ್ಳಿಯೇ ಆಗಿತ್ತು. ಆ ಹಳ್ಳಿಯಲ್ಲಿ 1989ರಲ್ಲಿ ಆಕೆಯ ಅಣ್ಣ, ಏಳು ವರ್ಷದ ಹುಡುಗ, ಹಾಲುಹಲ್ಲು ಬಿದ್ದು ರಕ್ತ ಸೋರಿ ಸೋರಿ ಐದನೆಯ ದಿನ ತೀರಿಕೊಂಡ. ಅರಿಷಿಣ ಒತ್ತಿದರು, ಸುಣ್ಣ ಒತ್ತಿದರು, ಕಾಫಿ ಪುಡಿ ಒತ್ತಿದರು. ಒಪ್ಪಿಸಬೇಕಾಗಿದ್ದ ಹರಕೆ ತಪ್ಪಿಸಿದ್ದಕ್ಕೆ ಹೀಗಾಯಿತೆಂದು ಊರು ತೀರ್ಮಾನಿಸಿತು. ಹರಕೆ ಹೊತ್ತಿದ್ದವಳು ಆ ಹುಡುಗನ ತಾಯಿ, ನಮ್ಮ ಅತ್ತೆ. ಹತ್ತೊಂಬತ್ತು ವರ್ಷ ಆಕೆ ಆ ಮಾತನ್ನು ಹೊತ್ತುಕೊಂಡೇ ಬದುಕಿದಳು. ಹುಬ್ಬಳ್ಳಿಯಿಂದ ಬಂದು ನಾವು ರೋಗದ ಹೆಸರು ಹೇಳಿದಾಗ ಆಕೆ ಗೋಡೆಗೆ ಒರಗಿ ಕುಳಿತು, "ಹಂಗಾರ ಅದು ನಾ ಹರಕಿ ತಪ್ಪಿಸಿದ್ದಕ್ಕ ಅಲ್ಲೇನು?" ಎಂದಳು. ಅಲ್ಲ ಎಂದೆವು. ಅಂದು ರಾತ್ರಿ ಆಕೆ ಹೊಟ್ಟೆ ತುಂಬ ಉಂಡಳು. ಮರುದಿನ ಮುಂಜಾನೆ ವಿಷಯವನ್ನು ಇನ್ನೊಮ್ಮೆ ಬಿಡಿಸಿ ಕೇಳಿಸಿಕೊಂಡ ಮೇಲೆ ಅವಳ ಮುಖ ಮತ್ತೆ ಇಳಿಯಿತು. "ಹರಕಿದಲ್ಲ, ನನ್ನ ಮೈಯಾಗಿಂದನ ಬಂತಂದಂಗಾತು" ಎಂದಳು. ಒಂದು ಹೊರೆ ಇಳಿಸಿ ಇನ್ನೊಂದನ್ನು ಹೊರಿಸಿದಂತಾಯಿತು.

ಈ ರೋಗದಲ್ಲಿ ಇರುವ ದೊಡ್ಡ ಕ್ರೂರತನವೇ ಇದು. ಹೆಣ್ಣಿನಲ್ಲಿ ಎಕ್ಸ್ ಎಂಬ ವರ್ಣತಂತು ಎರಡಿರುತ್ತವೆ, ಗಂಡಿನಲ್ಲಿ ಒಂದೇ. ಎರಡರಲ್ಲಿ ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಆದುದರಿಂದ ಹೆಣ್ಣಿಗೆ ಸಾಮಾನ್ಯವಾಗಿ ರೋಗ ಕಾಣುವುದಿಲ್ಲ, ಆದರೆ ಆಕೆ ಅದನ್ನು ಹೊತ್ತಿರುತ್ತಾಳೆ. ಅಂಥ ತಾಯಿಗೆ ಹುಟ್ಟುವ ಪ್ರತಿಯೊಂದು ಗಂಡುಮಗುವಿಗೂ ರೋಗ ಬರುವ ಸಾಧ್ಯತೆ ಅರ್ಧಕ್ಕರ್ಧ. ಮಗನಿಗೆ ತಂದೆಯಿಂದ ಎಕ್ಸ್ ಹೋಗುವುದೇ ಇಲ್ಲವಾದ್ದರಿಂದ ತಂದೆಯ ಕಡೆಯವರು ಕೈ ತೊಳೆದುಕೊಂಡು ದೂರ ನಿಲ್ಲಬಹುದು. ಸುಮಾರು ಮೂರರಲ್ಲಿ ಒಂದು ಪಾಲು ರೋಗಿಗಳಲ್ಲಿ ಮನೆತನದಲ್ಲಿ ಹಿಂದೆ ಯಾರಿಗೂ ಇರದೆ ಹೊಸದಾಗಿಯೇ ಇದು ಕಾಣಿಸಿಕೊಳ್ಳುತ್ತದೆ. ಆದರೆ ಜಗಳದ ಹೊತ್ತಿನಲ್ಲಿ ಈ ಲೆಕ್ಕವನ್ನು ಯಾರು ಕೇಳುತ್ತಾರೆ? "ನಿನ್ನ ತವರಿನಿಂದ ಬಂದದ್ದು" ಎಂಬ ಮಾತಿಗೆ ವಿಜ್ಞಾನದ ಮುದ್ರೆ ಬಿದ್ದಂತಾಗುತ್ತದೆ. ಕಣ್ಣಿನ ಬಣ್ಣ ಕೊಟ್ಟದ್ದು ತಪ್ಪಲ್ಲವಾದರೆ ಇದೂ ತಪ್ಪಲ್ಲ. ಆಕೆ ಆರಿಸಿ ಕೊಟ್ಟದ್ದು ಯಾವುದೂ ಇಲ್ಲ.

ಇದು ಬಡವರ ಮನೆಗೇ ಬರುವ ರೋಗವೆಂದು ಯಾರೂ ತಿಳಿಯಬಾರದು. ನಮ್ಮ ದೇಶವನ್ನೂ ಆಳಿದ ವಿಕ್ಟೋರಿಯಾ ರಾಣಿ ಇದನ್ನು ಹೊತ್ತವಳು. ಆಕೆಯ ಮಗ ಲಿಯೋಪೋಲ್ಡ್ 1884ರಲ್ಲಿ ಜಾರಿ ಬಿದ್ದು ಮೂವತ್ತನೆಯ ವಯಸ್ಸಿನಲ್ಲಿ ತೀರಿಕೊಂಡ. ಆಕೆಯ ಮೊಮ್ಮಗಳು ರಷ್ಯದ ಚಕ್ರವರ್ತಿಯ ಹೆಂಡತಿಯಾದಳು. ಅವರಿಗೆ 1904ರಲ್ಲಿ ಹುಟ್ಟಿದ ಒಬ್ಬನೇ ಮಗನಿಗೆ ಇದೇ ರೋಗ. ಆ ತಾಯಿ ರಾಸ್ಪುಟಿನ್ ಎಂಬ ಒಬ್ಬ ಸಾಧುವನ್ನು ನಂಬಿ ಅರಮನೆಯ ಬಾಗಿಲನ್ನೇ ಅವನಿಗೆ ತೆರೆದಿಟ್ಟಳು. ಚರಿತ್ರೆ ಬರೆದವರು ಆಕೆಯನ್ನು ಬಹಳ ಹೀಗಳೆದಿದ್ದಾರೆ. ಆ ರಾಜಮನೆತನದ ಬಗ್ಗೆ ನಮಗೆ ಯಾವ ಮರುಕವೂ ಇಲ್ಲ, ಅವರ ಆಳ್ವಿಕೆಯಲ್ಲಿ ಸತ್ತ ಬಡವರ ಮಕ್ಕಳ ಲೆಕ್ಕ ಬೇರೆಯೇ ಇದೆ. ಆದರೆ ಮಗನ ಕಾಲು ಹಿಡಿದುಕೊಂಡು ಕುಳಿತ ಆ ಹೆಂಗಸಿನ ಕಂಗಾಲುತನ ನಮಗೆ ತಿಳಿಯುತ್ತದೆ. ನಾವೂ ಮಠಕ್ಕೆ ಹೋಗಿದ್ದೇವೆ, ದರ್ಗಾಕ್ಕೆ ಹೋಗಿದ್ದೇವೆ, ತಾಯಿತ ಕಟ್ಟಿಸಿದ್ದೇವೆ. ತಾಯಿತ ಕಟ್ಟಿದ ದಾರ ಬಿಗಿಯಾಗಿ ಅಲ್ಲಿಯೂ ಒಂದು ನೀಲಿ ಕಲೆ ಎದ್ದಿತು.

ಇನ್ನು ನಾವು ಹೇಳಬೇಕಾದ ಮಾತು ನಮ್ಮ ನಾಲಗೆಗೆ ಭಾರವಾದದ್ದು. 2012ರ ಮಳೆಗಾಲ. ಮಗನಿಗೆ ಆರು ವರ್ಷ. ರಾತ್ರಿ ಹತ್ತರ ಹೊತ್ತಿಗೆ ಎಡ ಮೊಣಕಾಲು ತೆಂಗಿನಕಾಯಿಯಷ್ಟು ಊದಿತು. ಒಂದು ದವಾಖಾನೆಯಲ್ಲಿ ಕೇಳಿದರೆ ಫ್ಯಾಕ್ಟರ್ ಮುಗಿದಿದೆ ಎಂದರು. ಖಾಸಗಿ ಔಷಧದಂಗಡಿಯಲ್ಲಿ ಒಂದು ಸಲ ಚುಚ್ಚುವಷ್ಟಕ್ಕೆ ನಾಲ್ಕೈದು ಸಾವಿರ. ಅಂಗಡಿಯ ಗಲ್ಲೆಯಲ್ಲಿ ಅಷ್ಟು ಇರಲಿಲ್ಲ. ಉದ್ರಿ ವಹಿ ತೆಗೆದು ಯಾರ ಹತ್ತಿರ ಎಷ್ಟು ಬರಬೇಕೆಂದು ನೋಡುತ್ತ ಕುಳಿತೆವು. ಎಲ್ಲ ನಮ್ಮಂಥವರದೇ ಹೆಸರು. ಆ ಹೊತ್ತಿನಲ್ಲಿ ಯಾರ ಬಾಗಿಲು ಬಡಿಯುವುದು? ಮಗ ಚೀರುತ್ತಿದ್ದ. ಆಗ ನಮ್ಮ ಬಾಯಿಂದಲೇ ಆ ಮಾತು ಬಂತು: "ನಿಮ್ಮ ಮನಿ ರಕ್ತ ನಮ್ಮ ಮನಿ ಹಾಳು ಮಾಡ್ತು."

ಆಕೆ ತಿರುಗಿ ಒಂದು ಮಾತೂ ಆಡಲಿಲ್ಲ. ಮಗನ ಕಾಲಿನ ಮೇಲೆ ತಣ್ಣೀರಿನ ಬಟ್ಟೆ ಹಾಕುವುದನ್ನೂ ನಿಲ್ಲಿಸಲಿಲ್ಲ. ಬೆಳಗಿನ ಮೊದಲ ಬಸ್ಸಿನಲ್ಲಿ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಹೊರಟಳು. ಮೂರು ದಿನ ನಮ್ಮೊಡನೆ ಮಾತಿಲ್ಲ. ಆಮೇಲೆ ಮಾತಾಡಿದಳು, ಆದರೆ ಏನೋ ಒಂದು ಆ ರಾತ್ರಿಯೇ ಮುರಿದಿತ್ತು. ಬೀಸುಕಲ್ಲಿನ ಮುಂದೆ ಕೂತರೂ ಹಾಡುತ್ತಿದ್ದವಳು ಹಾಡುವುದನ್ನು ಬಿಟ್ಟಳು. ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟಳು. ರಾತ್ರಿ ತಾಸಿಗೊಮ್ಮೆ ಎದ್ದು ಕತ್ತಲಲ್ಲಿ ಮಗನ ಎರಡೂ ಮೊಣಕಾಲುಗಳನ್ನು ಮುಟ್ಟಿ ನೋಡುತ್ತಿದ್ದಳು, ಬೆಚ್ಚಗಾಗಿದೆಯೋ ಏನೋ ಎಂದು. ಓಣಿಯಲ್ಲಿ ಹುಡುಗರು ಚಿಣ್ಣಿದಾಂಡು ಆಡುವ ಸದ್ದಾದರೆ ಬಾಗಿಲು ಮುಚ್ಚುತ್ತಿದ್ದಳು. ಒಮ್ಮೆ ಕೇಳಿದ್ದಕ್ಕೆ, "ಅವ ಅತ್ತರ ಅಂಜಿಕಿ ಬರೋದು ಖರೆ, ಈಗೀಗ ನಕ್ಕರೂ ಅಂಜಿಕಿ ಬರತೈತಿ, ನಕ್ಕೋತ ಎಲ್ಲಿ ಓಡಿಬಿಡ್ತಾನೋ ಅಂತ" ಎಂದಳು.

ಇನ್ನೂ ಒಂದನ್ನು ಹೇಳಲು ಆಕೆಯೇ ನಮಗೆ ಅಪ್ಪಣೆ ಕೊಟ್ಟಿದ್ದಾಳೆ. ಒಂದು ನಡುರಾತ್ರಿ ಆಕೆಯ ಮನಸ್ಸಿನಲ್ಲಿ, ಇದು ಒಮ್ಮೆ ಮುಗಿದುಹೋದರೆ ಮಗನಿಗೂ ಬಿಡುಗಡೆ, ನನಗೂ ಬಿಡುಗಡೆ ಎಂಬ ವಿಚಾರ ಬಂತಂತೆ. ಬಂದ ಕೂಡಲೆ ಎದ್ದು ಹಿತ್ತಲಿಗೆ ಹೋಗಿ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳಂತೆ. ಇಂಥ ವಿಚಾರ ಬಂದವಳು ತಾಯಿಯೇ ಅಲ್ಲ ಎಂದು ವರ್ಷಗಟ್ಟಲೆ ತನ್ನನ್ನು ತಾನೇ ಶಪಿಸಿಕೊಂಡಳು. ತಾಯಂದಿರೆ, ಈ ಸಭೆಯಲ್ಲಿ ಮಾಸಿಕ ರಕ್ತ ಕೊಡಿಸಬೇಕಾದ ಮಗುವಿನ ತಾಯಿ ಇರಬಹುದು, ಮೂರ್ಛೆರೋಗದ ಮಗುವಿನ ತಾಯಿ ಇರಬಹುದು, ದಿನಕ್ಕೆ ಮೂರು ಸಲ ಇನ್ಸುಲಿನ್ ಚುಚ್ಚಬೇಕಾದ ಮಗುವಿನ ತಾಯಿ ಇರಬಹುದು. ನಿಮಗೂ ಅಂಥ ವಿಚಾರ ಬಂದಿದ್ದರೆ, ಅದು ಮಗುವಿನ ಮೇಲಿನ ದ್ವೇಷವಲ್ಲ. ನಿದ್ದೆಯಿಲ್ಲದ ದೇಹ, ಕೊನೆ ಕಾಣದ ಕೆಲಸ, ಹೇಳಿಕೊಳ್ಳಲು ಯಾರೂ ಇಲ್ಲದ ಮನಸ್ಸು ಸೇರಿ ಆಡಿಸುವ ಮಾತು ಅದು.

ಗಿರಣಿಯಲ್ಲಿ ದುಡಿದವರಿಗೆ ಬದಲಿ ಎಂಬ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಯಂ ಕೆಲಸಗಾರ ಬಾರದ ದಿನ ಅವನ ಯಂತ್ರದ ಮುಂದೆ ನಿಲ್ಲುವವನೇ ಬದಲಿ. ನಮ್ಮ ಸೋದರಮಾವ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ವರ್ಷಾನುಗಟ್ಟಲೆ ಬದಲಿಯಾಗಿ ದುಡಿದವರು. ಆ ದೊಡ್ಡ ಗಿರಣಿಗಳು ಒಂದೊಂದಾಗಿ ಮುಚ್ಚಿ ಈಗ ಬಹುಕಾಲವಾಯಿತು. ಬದಲಿಯವನ ಪಾಡು ಕಷ್ಟದ್ದೇ, ಕೆಲಸ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದರೆ ಅವನಿದ್ದುದರಿಂದ ಕಾಯಂ ಕೆಲಸಗಾರನಿಗೆ ಒಂದು ದಿನವಾದರೂ ಮಲಗಲು ಸಾಧ್ಯವಾಗುತ್ತಿತ್ತು. ಭೋಂಗಾ ಕೂಗಿದರೆ ಪಾಳಿ ಮುಗಿಯಿತು, ಇನ್ನೊಬ್ಬ ಬಂದು ನಿಂತ. ನಮ್ಮ ಮನೆಯಾಕೆಯ ಪಾಳಿಗೆ ಭೋಂಗಾ ಇರಲಿಲ್ಲ. ಎಂಟು ತಾಸಿನ ದುಡಿಮೆಗಾಗಿ ಕೆಲಸಗಾರರು ಲೋಕದ ತುಂಬ ಹೋರಾಡಿ ಗೆದ್ದರು. ಇಪ್ಪತ್ನಾಲ್ಕು ತಾಸಿನ ಈ ಪಾಳಿ ನಮ್ಮ ಮನೆಯೊಳಗೇ ನಡೆದಿತ್ತು. ಸಭೆಗಳಲ್ಲಿ ಎಂಟು ತಾಸಿನ ಬಗ್ಗೆ ಚಪ್ಪಾಳೆ ಹೊಡೆದು ಮನೆಗೆ ಬರುತ್ತಿದ್ದ ನಮಗೆ ಅದು ಕಾಣಲಿಲ್ಲ.

ಈ ದಣಿವು ತಾಯಿಯೊಬ್ಬಳಲ್ಲೇ ನಿಲ್ಲುವುದಿಲ್ಲ. ನಮ್ಮ ಮಗಳು ಮಗನಿಗಿಂತ ಮೂರು ವರ್ಷ ದೊಡ್ಡವಳು. ಒಂದು ದಿನ ಶಾಲೆಯಿಂದ ಕುಂಟುತ್ತ ಬಂದಳು, ಮೊಣಕಾಲು ನೋವೆಂದಳು. ತಾಯಿ ಓಡಿಬಂದು ಕಾಲು ಒತ್ತಿ ನೋಡಿದಳು, ಏನೂ ಇರಲಿಲ್ಲ. ಆ ಹುಡುಗಿಗೆ ಬೇಕಾಗಿದ್ದದ್ದು ಆ ಕೈ. ಮಗನ ಕಥೆ ಇನ್ನೂ ಬೇರೆ. ತನಗೆ ನೋವು ಬಂದಾಗಲೆಲ್ಲ ತಾಯಿಯ ಮುಖ ಹೇಗಾಗುತ್ತದೆ ಎಂಬುದನ್ನು ಅವನು ನೋಡುತ್ತಿದ್ದನಲ್ಲ! ಎಂಟು ವರ್ಷದವನಾಗುವ ಹೊತ್ತಿಗೆ ನೋವನ್ನು ಮುಚ್ಚಿಡಲು ಕಲಿತುಬಿಟ್ಟ. ಕೀಲು ಬಿಗಿಯುತ್ತಿದ್ದರೂ ಓದುತ್ತಿದ್ದೇನೆ ಎಂದು ಪುಸ್ತಕ ಹಿಡಿದು ಕುಳಿತಿರುತ್ತಿದ್ದ. ಅಡಗಿಸಲು ಆಗದಷ್ಟು ಊದಿದ ಮೇಲೆ ನಮಗೆ ಗೊತ್ತಾಗುತ್ತಿತ್ತು. ಒಂದೆರಡು ತಾಸಿನಲ್ಲಿ ಕೊಡಬೇಕಾದ ಮದ್ದನ್ನು ಮರುದಿನ ಕೊಟ್ಟೆವು. ಇಂದು ಅವನ ಎಡಗಾಲು ಪೂರ್ತಿ ನೆಟ್ಟಗಾಗುವುದಿಲ್ಲ. ತಾಯಿಯ ಅಂಜಿಕೆ ಮಗನ ಕೀಲಿಗೆ ಇಳಿಯಿತು ಎಂದರೆ ಅತಿಶಯೋಕ್ತಿಯಲ್ಲ. ತಾಯಿಯ ಮನಸ್ಸಿನ ಆರೈಕೆ ಆಮೇಲೆ ನೋಡಿದರಾಯಿತು, ಮೊದಲು ಮಗುವಿನ ರೋಗ ಎನ್ನುವ ವೈದ್ಯರಿಗೂ ಬಂಧುಗಳಿಗೂ ಇದನ್ನು ನಾವು ಎಷ್ಟು ಸಲ ಬೇಕಾದರೂ ಹೇಳಬಲ್ಲೆವು.

ನಮ್ಮ ಮನೆಯಲ್ಲಿ ಗಾಳಿ ಬದಲಾದದ್ದು ದಾವಣಗೆರೆಯ ದಾರಿಯಿಂದ. ಅಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ. ಅದನ್ನು ಕಟ್ಟಿ ಬೆಳೆಸಿದ ಡಾ. ಸುರೇಶ ಹನಗವಾಡಿಯವರು ಜೆಜೆಎಂ ವೈದ್ಯಕೀಯ ಕಾಲೇಜಿನಲ್ಲಿ ರೋಗಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಅವರಿಗೂ ಹುಟ್ಟಿನಿಂದ ಇದೇ ರೋಗ. ಇದನ್ನು ಯಾರೋ ಹೇಳಿದಾಗ ನಮ್ಮ ಮನೆಯಾಕೆ ನಂಬಲಿಲ್ಲ. ಅಣ್ಣ ಏಳಕ್ಕೇ ಹೋದದ್ದನ್ನು ಕಂಡವಳಿಗೆ, ಇಂಥ ಮಗು ದೊಡ್ಡವನಾಗುತ್ತಾನೆ, ಓದುತ್ತಾನೆ, ವೈದ್ಯನಾಗಿ ಇತರರಿಗೆ ಮದ್ದು ಹೇಳುತ್ತಾನೆ ಎಂಬ ಚಿತ್ರವೇ ಮನಸ್ಸಿನಲ್ಲಿರಲಿಲ್ಲ. ತಲೆಗೂದಲು ಹಣ್ಣಾದ, ಈ ರೋಗವಿರುವ ಮನುಷ್ಯನನ್ನು ದೂರದಿಂದ ನೋಡಿ ಬಂದಳು. ಬರುವಾಗ ಹರಿಹರ ದಾಟುವವರೆಗೂ ಅಳುತ್ತಿದ್ದಳು. ರಾಣೇಬೆನ್ನೂರಿನಲ್ಲಿ ಚಹಾ ಬೇಕೆಂದಳು.

ಅಲ್ಲಿಯೇ ಆಕೆಗೆ ಸವಣೂರಿನ ಒಬ್ಬ ತಾಯಿಯ ಪರಿಚಯವಾಯಿತು. ಆಕೆಯ ಮಗನಿಗೆ ಸುನ್ನತಿಯಾದಾಗ ರಕ್ತ ನಿಲ್ಲದೆ ರೋಗ ಗೊತ್ತಾಗಿತ್ತು. ಇಬ್ಬರೂ ಬೆಂಚಿನ ಮೇಲೆ ಕುಳಿತು ಆಡಿದ ಮಾತನ್ನು ನಾವು ಕೇಳಲಿಲ್ಲ, ದೂರದಿಂದ ನೋಡಿದೆವು. ಒಬ್ಬರ ಮೊಣಕೈಯನ್ನು ಒಬ್ಬರು ಹಿಡಿದುಕೊಂಡಿದ್ದರು. ಅಂದಿನಿಂದ ಇವಳಿಗೆ ಅವಳು ಆಪಾ, ಅವಳಿಗೆ ಇವಳು ಅಕ್ಕ. ನಡುರಾತ್ರಿ ಮೊಣಕಾಲು ಬೆಚ್ಚಗಾದರೆ ಮೊದಲ ಫೋನು ಸವಣೂರಿಗೆ. "ಐಸ್ ಹಾಕಿದಿ? ಕಾಲು ಎತ್ತರ ಇಟ್ಟಿ? ಹೆದರಬ್ಯಾಡಕ್ಕಾ, ನಾನೂ ಎದ್ದೀನಿ." ಆ ಕೊನೆಯ ಮಾತೇ ಮುಖ್ಯ. ಅವಳು ಅಲ್ಲಿಂದ ಬಂದು ಏನನ್ನೂ ಮಾಡಲಾರಳು, ನಡುವೆ ಮೈಲುಗಟ್ಟಲೆ ದಾರಿ. ಆದರೆ ಕತ್ತಲಲ್ಲಿ ಇನ್ನೊಬ್ಬಳು ಎದ್ದು ಕುಳಿತಿದ್ದಾಳೆ ಎಂಬುದು ಗೊತ್ತಾದರೆ ಪಾಳಿ ಅರ್ಧವಾಗುತ್ತದೆ. ನಮ್ಮ ಮನೆಗೆ ಬಂದ ಮೊದಲ ಬದಲಿ ಆ ಸವಣೂರಿನ ತಾಯಿ. ನಾವು ಎರಡನೆಯವರು, ಅದೂ ಬಹಳ ತಡವಾಗಿ.

ಆ ಕಾಲಕ್ಕೇ ಮನೆಯಲ್ಲಿ ತಾವೇ ನರಕ್ಕೆ ಚುಚ್ಚುವುದನ್ನು ತಂದೆತಾಯಿಗಳಿಗೆ ಕಲಿಸುತ್ತಿದ್ದರು. 2014ರಲ್ಲಿ ನಾವು ಕಲಿತೆವು. ಬೇಳೆ ತೂಗಿ, ಬೆಲ್ಲ ಒಡೆದು ಗಟ್ಟಿಯಾದ ಕೈ ಮಗನ ತೆಳ್ಳನೆಯ ನರದ ಮುಂದೆ ನಡುಗಿತು. ಎರಡು ಸಲ ತಪ್ಪಿತು. ಅವನೇ, "ಅಪ್ಪಾ, ಅಂಜಬ್ಯಾಡ, ಇನ್ನೊಂದ ಸಲ ನೋಡು" ಎಂದ. ಮೂರನೆಯ ಸಲ ಸರಿಯಾಯಿತು. ಅಂದಿನಿಂದ ರಾತ್ರಿ ಮೊಣಕಾಲು ಮುಟ್ಟಿ ನೋಡುವ ಕೆಲಸವನ್ನು ದಿನ ಬಿಟ್ಟು ದಿನ ಹಂಚಿಕೊಂಡೆವು. ನಮ್ಮ ಪಾಳಿಯ ಮೊದಲ ರಾತ್ರಿ ಆಕೆ ಹಾಲಿನವನು ಬಂದು ಕೂಗುವವರೆಗೂ ಮಲಗಿದ್ದಳು. ಎದ್ದವಳು ಗಾಬರಿಯಾಗಿ ಬೈದಳು, ಯಾಕೆ ಎಬ್ಬಿಸಲಿಲ್ಲ ಎಂದು. ಆ ಬೈಗುಳ ಕೇಳಿ ನಮಗೆ ಸಂತೋಷವಾಯಿತು. ಹಾಗಿದ್ದರೂ 2012ರ ಆ ಮಾತಿಗೆ ನಾವು ಕ್ಷಮೆ ಕೇಳಿದ್ದು ಇನ್ನೂ ಎರಡು ವರ್ಷ ಬಿಟ್ಟು. ಗಂಡಸರಿಗೆ ಸೂಜಿ ಹಿಡಿಯಲು ಕಲಿಯುವುದು ಸುಲಭ, ಆ ಒಂದು ಮಾತು ಆಡಲು ಕಲಿಯುವುದು ಕಷ್ಟ ಎಂದು ನಮ್ಮ ಅನುಭವ.

ಬಂಧುಗಳೆ, ಈಗ ಕೇಳಬೇಕಾದ್ದನ್ನು ಕೇಳುತ್ತೇವೆ. ಒಂದು ಲಕ್ಷ ಗಂಡಸರಲ್ಲಿ ಸುಮಾರು ಇಪ್ಪತ್ತು ಜನರಿಗೆ ಈ ರೋಗವಿರುತ್ತದೆಂದು ವೈದ್ಯರ ಅಂದಾಜು. 2011ರ ಜನಗಣತಿಯಂತೆ ಹಾವೇರಿ ಜಿಲ್ಲೆಯಲ್ಲಿ ಎಂಟು ಲಕ್ಷಕ್ಕೂ ಮೇಲೆ ಗಂಡಸರು. ಲೆಕ್ಕ ಹಾಕಿ, ನೂರೈವತ್ತಕ್ಕೂ ಹೆಚ್ಚು ಮನೆಗಳಾಗುತ್ತವೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲೂಕುಗಳಲ್ಲಿ ನಮಗೆ ಗೊತ್ತಿರುವ ಮನೆಗಳನ್ನು ಎರಡು ಕೈಯ ಬೆರಳಲ್ಲಿ ಎಣಿಸಬಹುದು. ಉಳಿದವರು ಎಲ್ಲಿ? ಕುಂಟ ಎಂದು ಕರೆಸಿಕೊಂಡು ಯಾವುದೋ ಹಳ್ಳಿಯಲ್ಲಿದ್ದಾರೆ, ಇಲ್ಲವೆ ಹಲ್ಲು ಬಿದ್ದು ಸತ್ತ ಹುಡುಗನಂತೆ ಹೆಸರಿಲ್ಲದೆ ಹೋಗಿದ್ದಾರೆ. ನಿಮ್ಮ ಓಣಿಯಲ್ಲಿ ಮೈಮೇಲೆ ನೀಲಿ ಕಲೆಯೇಳುವ, ಮತ್ತೆ ಮತ್ತೆ ಕೀಲು ಊದುವ ಗಂಡುಮಗುವಿದ್ದರೆ ತಾಯಿಯನ್ನು ಸಂಶಯದಿಂದ ನೋಡಬೇಡಿ, ರಕ್ತ ಪರೀಕ್ಷೆ ಮಾಡಿಸಲು ಹೇಳಿ. ಅಂಥ ಮಗುವಿಗೆ ಆಸ್ಪಿರಿನ್ ಗುಳಿಗೆ ಕೊಡಕೂಡದು, ಮಾಂಸಖಂಡಕ್ಕೆ ಇಂಜೆಕ್ಷನ್ ಚುಚ್ಚಿಸಕೂಡದು.

ಕಾಯಿದೆಯಲ್ಲಿ ನಮ್ಮ ಮಕ್ಕಳಿಗೆ ಜಾಗ ಸಿಕ್ಕಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೆಸರಿಸಿದ 21 ಬಗೆಗಳಲ್ಲಿ ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ಮೂರೂ ಸೇರಿವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಫ್ಯಾಕ್ಟರನ್ನು ಉಚಿತವಾಗಿ ಕೊಡುವ ಏರ್ಪಾಟೂ ಆಗಿದೆ. ಇದು ಯಾರೂ ಕೊಟ್ಟ ದಾನವಲ್ಲ, ರೋಗಿಗಳೂ ತಾಯಂದಿರೂ ವರ್ಷಗಟ್ಟಲೆ ಬಾಗಿಲು ಬಡಿದು ಪಡೆದದ್ದು. ಅದೇ ಕಾಯಿದೆಯ 24ನೆಯ ಕಲಮಿನಲ್ಲಿ, ಹೆಚ್ಚಿನ ನೆರವು ಬೇಕಾದವರಿಗೆ ಅವರನ್ನು ನೋಡಿಕೊಳ್ಳುವವರ ಸಲುವಾಗಿ ಭತ್ಯೆ ಎಂಬ ಮಾತೂ ಇದೆ. ಆ ಮಾತನ್ನು ಓದಿದಾಗ ನಮ್ಮ ಮನೆಯಾಕೆ ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದಳು. ನೋಡಿಕೊಳ್ಳುವುದೂ ಒಂದು ಕೆಲಸ ಎಂದು ಕಾಗದದ ಮೇಲೆ ಆಕೆ ಕಂಡದ್ದು ಅದೇ ಮೊದಲು. ಅದು ಯಾರಿಗೆ, ಎಷ್ಟು, ಯಾವಾಗ ಎಂದು ಸಂಘಗಳು ಒಟ್ಟಾಗಿ ಕೇಳಬೇಕು, ಪಗಾರ ಕೇಳಿದಷ್ಟೇ ಗಟ್ಟಿಯಾಗಿ.

ಇನ್ನೊಂದು ಮದ್ದು ಬಂದಿದೆ, ಎಮಿಸಿಜುಮಾಬ್ ಎಂದು. ಇದು ಎಂಟನೆಯ ಫ್ಯಾಕ್ಟರ್ ಇಲ್ಲದವರಿಗೆ ಮಾತ್ರ ಆಗುತ್ತದೆ. ನರ ಹುಡುಕಬೇಕಾಗಿಲ್ಲ, ಚರ್ಮದ ಕೆಳಗೆ ಚುಚ್ಚಿದರೆ ಸಾಕು. ವಾರಕ್ಕೊಮ್ಮೆ, ಇಲ್ಲವೆ ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ. ರಕ್ತಸ್ರಾವ ಆದ ಮೇಲೆ ಓಡುವುದಲ್ಲ, ಆಗದಂತೆ ತಡೆಯುವುದು. ಬೆಲೆ ಮಾತ್ರ ನಮ್ಮಂಥವರ ಕೈಗೆ ಎಟಕುವಂಥದಲ್ಲ. ಕೇರಳ ಸರ್ಕಾರ 2024ರಲ್ಲಿ ಹದಿನೆಂಟರೊಳಗಿನ ಮಕ್ಕಳಿಗೆ ಅದನ್ನು ಉಚಿತವಾಗಿ ಕೊಡಲು ತೀರ್ಮಾನಿಸಿತು. ನಮ್ಮ ತಾಲೂಕಿನ ಪ್ರತಿಯೊಂದು ಮಗುವಿಗೂ ಅದು ಬೇಕೆಂದು ಕೇಳಲು ನಮಗೆ ಸಂಕೋಚವಿಲ್ಲ. ತಾಯಿಯ ನಿದ್ದೆಗೂ ಒಂದು ಬೆಲೆ ಕಟ್ಟಿ ಆ ಮದ್ದಿನ ಬೆಲೆಯ ಪಕ್ಕದಲ್ಲಿ ಇಟ್ಟು ತೂಗಲಿ. ತಕ್ಕಡಿ ಬೇಕಾದರೆ ನಮ್ಮ ಅಂಗಡಿಯದನ್ನೇ ಕೊಡುತ್ತೇವೆ.

ಮದ್ದು ಬರುವವರೆಗೆ ನಿಮ್ಮಿಂದಲೂ ಆಗುವ ಕೆಲಸವಿದೆ. ಸೋಡಾ ಅಂಗಡಿಯವರು ನಡುರಾತ್ರಿ ಐಸ್ ಕೊಟ್ಟಿದ್ದಾರೆ, ದುಡ್ಡು ಕೇಳಿಲ್ಲ. ಅಕ್ಕಿ ಗಿರಣಿಯ ಒಬ್ಬ ಹಮಾಲರು ಎರಡು ಸಲ ಮೋಟರ್‌ಸೈಕಲ್ಲಿನಲ್ಲಿ ಮಗನನ್ನು ಹುಬ್ಬಳ್ಳಿಗೆ ಮುಟ್ಟಿಸಿದ್ದಾರೆ. ಶಾಲೆಯ ಒಬ್ಬ ಮಾಸ್ತರರು ಮಗನನ್ನು ಆಟದ ಹೊತ್ತಿಗೆ ಒಂಟಿಯಾಗಿ ಕೂಡಿಸದೆ ಸ್ಕೋರು ಬರೆಯಲು ಹಚ್ಚಿದರು. ಅವನು ಇಂದಿಗೂ ಕ್ರಿಕೆಟ್ ಲೆಕ್ಕ ಬಾಯಲ್ಲಿ ಹೇಳುತ್ತಾನೆ. ಯಾರಿಗೂ ಹೆಚ್ಚು ಖರ್ಚಾಗಲಿಲ್ಲ. ಇಂಥ ಮಗುವಿನ ತಂದೆಯೋ ತಾಯಿಯೋ ನಿಮ್ಮ ಜೊತೆ ಕೆಲಸಕ್ಕಿದ್ದರೆ, ದವಾಖಾನೆಗೆ ಹೋದ ದಿನ ಅವರ ಹಾಜರಿಗಾಗಿ ಮಾತಾಡಿ. ಅವರ ಮನೆಗೆ ಹೋದರೆ "ಮಗ ಹ್ಯಾಂಗಿದ್ದಾನ" ಎಂದು ಕೇಳಿದ ಮೇಲೆ "ನೀ ಹ್ಯಾಂಗಿದ್ದೀಯವ್ವ" ಎಂದೂ ಕೇಳಿ. ನಮ್ಮ ಮನೆಯಾಕೆಯನ್ನು ಆರು ವರ್ಷ ಯಾರೂ ಹಾಗೆ ಕೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಆಕೆ ಈಗ ಹಿಂದಿನ ಸಾಲಿನಲ್ಲಿ ಕುಳಿತಿದ್ದಾಳೆ, ಪಕ್ಕದಲ್ಲಿ ಸವಣೂರಿನ ಆಪಾ ಇದ್ದಾರೆ. ವೇದಿಕೆಗೆ ಬನ್ನಿರೆಂದರೆ ಇಬ್ಬರೂ ಬರಲೊಲ್ಲರು. ಒಂದು ವಹಿ ತಂದಿದ್ದಾರೆ. ಯಾವ ಬೇನೆಯ ಮಗುವಾಗಲಿ, ತಾಯಂದಿರು ತಮ್ಮ ಹೆಸರನ್ನೂ ಫೋನ್ ನಂಬರನ್ನೂ ಅದರಲ್ಲಿ ಬರೆಯಿಸಬಹುದು. ರಾತ್ರಿ ಎಷ್ಟು ಹೊತ್ತಿಗಾದರೂ ಫೋನು ಎತ್ತುತ್ತೇವೆಂದು ಹೇಳಿದ್ದಾರೆ. ಶಿಗ್ಗಾವಿಯ ಕಡೆಯ ಬಸ್ಸಿಗೆ ಇನ್ನು ಹೆಚ್ಚು ಹೊತ್ತಿಲ್ಲ, ಆದುದರಿಂದ ಬೇಗ ಬರಬೇಕು. ಮಗ ಇಂದು ಕಾಲೇಜಿಗೆ ರಜೆಯೆಂದು ಒಬ್ಬನೇ ಅಂಗಡಿ ನೋಡಿಕೊಳ್ಳುತ್ತಿದ್ದಾನೆ. ಬೆಳಗಿನಿಂದ ಆಕೆ ಅವನಿಗೆ ಒಂದೇ ಸಲ ಫೋನು ಮಾಡಿದ್ದಾಳೆ, ಅದೂ ಸಕ್ಕರೆಯ ಚೀಲ ಬಂತೇ ಎಂದು ಕೇಳಲು.